ಎರಡು ಮನೆಯ ಮಗು

ತಪ್, ತಪ್, ತಪ್.

ಊರ್ಮಿಳಾ ಕತ್ತಲಲ್ಲಿ ಕಣ್ಣು ಬಿಟ್ಟು ಆಲಿಸಿದಳು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿರಬೇಕೆಂದು ಎದ್ದು ಹೋಗಿ ಮುಟ್ಟಿ ನೋಡಿದಳು. ನಲ್ಲಿ ಒಣಗಿತ್ತು. ಮರಳಿ ಬಂದು ಮಲಗಿದಾಗ ಸದ್ದು ಕಿವಿಯ ಪಕ್ಕದಿಂದಲೇ ಬಂತು. ಮಂಚದ ಗೋಡೆಯಂಚಿಗೆ ಮಲಗಿದ್ದ ಇಂಚರಾ ನಿದ್ದೆಯಲ್ಲಿ ದಿಂಬನ್ನು ಅಂಗೈಯಿಂದ ತಟ್ಟುತ್ತಿದ್ದಳು. ಒಂದಷ್ಟು ತಟ್ಟುವುದು, ಬೆರಳ ತುದಿಯಿಂದ ಏನನ್ನೋ ಸ್ವಲ್ಪ ತಿರುಗಿಸುವುದು, ಮತ್ತೆ ತಟ್ಟುವುದು. ಮುಖದಲ್ಲಿ ದೊಡ್ಡವರ ಗಾಂಭೀರ್ಯವಿತ್ತು.

ನೋಡುತ್ತ ನೋಡುತ್ತ ಊರ್ಮಿಳಾಗೆ ತಿಳಿಯಿತು. ಮಗಳು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ.

ಮೈಸೂರಿನ ಅವಳ ತವರಿನಲ್ಲಾಗಲಿ, ಗಂಡ ಸುಧನ್ವನ ಮನೆಯಲ್ಲಾಗಲಿ ಜೋಳದ ರೊಟ್ಟಿ ಬಡಿದವರಿಲ್ಲ. ನಾಲ್ಕು ವರ್ಷದ ಇಂಚರಾ ಅದನ್ನು ಕಲಿತದ್ದು ಇದೇ ಸಾಲಿನ ಕೊನೆಯ ಮನೆಯಲ್ಲಿ, ಹುಬ್ಬಳ್ಳಿಯ ಶೀತಲ್ ಅಡುಗೆಮನೆಯಲ್ಲಿ. ಊರ್ಮಿಳಾ ಮಗಳ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು. ಹಿಡಿತ ಸಡಿಲಿಸಿದೊಡನೆ ಆ ಕೈ ಮತ್ತೆ ಕೆಲಸ ಶುರುಮಾಡಿತು.

ಮಾರ್ಚ್‌ನಲ್ಲಿ ಸೋಂಕು ಹಬ್ಬಿ ಡೇಕೇರ್ ಮುಚ್ಚಿದಾಗ, ಹಗಲು ಮಗುವನ್ನು ಅಲ್ಲಿ ಬಿಡುವ ಏರ್ಪಾಡನ್ನು ಸೂಚಿಸಿದವಳು ಶೀತಲ್ ಅಲ್ಲ, ಊರ್ಮಿಳಾಳೇ. ಬೇರೆ ದಾರಿಯೂ ಇರಲಿಲ್ಲ. ಸುಧನ್ವನ ಕಂಪನಿ ವಿಮಾನ, ಹೋಟೆಲುಗಳ ಬುಕಿಂಗ್ ವ್ಯವಹಾರದ್ದು. ಜನ ಪ್ರಯಾಣ ನಿಲ್ಲಿಸಿದ ತಿಂಗಳಲ್ಲೇ ಅರ್ಧದಷ್ಟು ನೌಕರರನ್ನು ತೆಗೆದರು, ಉಳಿದವರ ಸಂಬಳ ಕಡಿತ ಮಾಡಿದರು. ಉಳಿದವರಲ್ಲಿ ಒಬ್ಬನಾದ ಸುಧನ್ವ ಈಗ ಹಾಸಿಗೆಯ ಅಂಚಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಹೋದವರ ಕೆಲಸವನ್ನೂ ಮಾಡುತ್ತಿದ್ದ. ಊರ್ಮಿಳಾ ಕೆಲಸ ಮಾಡುತ್ತಿದ್ದುದು ಪಕ್ಕದ ಊರು ಸ್ಯಾನ್ ಮಟಿಯೋದ ಒಂದು ಪರೀಕ್ಷಾ ಲ್ಯಾಬಿನಲ್ಲಿ. ಮೊದಲು ಅಲ್ಲಿಗೆ ರಕ್ತ, ಮೂತ್ರ ಬರುತ್ತಿದ್ದವು. ಈಗ ದಿನವಿಡೀ ಮೂಗಿನಿಂದ ತೆಗೆದ ಮಾದರಿಗಳು. ಆ ಕೆಲಸವನ್ನು ಮನೆಯಿಂದ ಮಾಡುವಂತಿರಲಿಲ್ಲ. ಮನೆಯ ಆರೋಗ್ಯ ವಿಮೆಯೂ ಈಗ ಅವಳ ಕೆಲಸದ ಮೇಲೆಯೇ ನಿಂತಿತ್ತು.

ಶೀತಲ್ ಮನೆಯಲ್ಲೇ ಇದ್ದಳು. ಅವಳು ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ವಿಮೆಯ ಲೆಕ್ಕ ನೋಡಿಕೊಳ್ಳುತ್ತಿದ್ದವಳು. ಗಂಡ ಅಜಯನ ವೀಸಾದ ಆಧಾರದ ಮೇಲೆ ಸಿಕ್ಕ ಕೆಲಸದ ಪರವಾನಗಿ ಏಪ್ರಿಲ್‌ಗೆ ಮುಗಿಯಿತು. ಹೊಸದು ಬರಬೇಕಾದರೆ ಬೆರಳಚ್ಚು ಕೊಡಬೇಕು, ಬೆರಳಚ್ಚು ತೆಗೆಯುವ ಕಚೇರಿಗಳು ಮುಚ್ಚಿದ್ದವು. ಮೊಮ್ಮಗ ಸುಮನ್‌ನನ್ನು ನೋಡಲು ಚಳಿಗಾಲದಲ್ಲಿ ಬಂದಿದ್ದ ಅತ್ತೆ ಬಂಗಾರೆವ್ವ, ವಿಮಾನಗಳು ನಿಂತದ್ದರಿಂದ ಅಲ್ಲೇ ಉಳಿದಿದ್ದರು.

ಊರ್ಮಿಳಾ ಅಳುಕುತ್ತಲೇ ಕೇಳಿದ್ದಳು. ಶೀತಲ್ ಮಾತು ಪೂರ್ತಿಯಾಗಲೂ ಬಿಡಲಿಲ್ಲ. "ಕೂಸು ಏನ್ ಭಾರ ಏನ್ರಿ ಅಕ್ಕಾ? ಸುಮನ್ ಜೋಡಿ ಆಡ್ತೈತಿ ಬಿಡ್ರಿ" ಎಂದುಬಿಟ್ಟಳು. ಹಣದ ಮಾತೆತ್ತಿದ್ದಕ್ಕೆ ಒಂದು ದಿನ ಮುನಿಸಿಕೊಂಡಿದ್ದಳು.

ಎರಡು ಮನೆ ಸೇರಿ ಒಂದು ಗುಂಪು ಎಂದಾಯಿತು. ನಿಯಮಗಳನ್ನು ಮಾಡಿದವಳು, ಲ್ಯಾಬಿನವಳೆಂಬ ಅಧಿಕಾರದಿಂದ, ಊರ್ಮಿಳಾ. ಹೊರಗಿನ ಯಾರನ್ನೂ ಒಳಗೆ ಬಿಡುವಂತಿಲ್ಲ. ಯಾರಿಗಾದರೂ ಸೋಂಕಿನವರ ಸಂಪರ್ಕವಾದರೆ ಒಂದು ಗಳಿಗೆಯೂ ಮುಚ್ಚಿಡುವಂತಿಲ್ಲ, ಎರಡು ವಾರ ಇವರು ಇಲ್ಲಿ, ಅವರು ಅಲ್ಲಿ. ಬಂಗಾರೆವ್ವನಿಗೆ ಬಿಪಿ, ಶುಗರ್ ಎರಡೂ ಇದ್ದದ್ದರಿಂದ ಈ ಕೊನೆಯ ನಿಯಮದಲ್ಲಿ ಎಲ್ಲರಿಗೂ ಭಕ್ತಿಯಿತ್ತು.

ಕೆಲಸ ಮುಗಿಸಿ ಬಂದ ಊರ್ಮಿಳಾ ಗರಾಜಿನಲ್ಲೇ ಬಟ್ಟೆ ಕಳಚಿ, ನೇರ ಸ್ನಾನಕ್ಕೆ ಹೋಗಿ, ಆಮೇಲೆ ಮಗುವನ್ನು ಮುಟ್ಟುತ್ತಿದ್ದಳು. ಮೈಸೂರಿನಲ್ಲಿ ಅಜ್ಜಿ ಮಡಿಯುಟ್ಟು ಓಡಾಡುವಾಗ ಮಕ್ಕಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದುದು ಆಗೆಲ್ಲ ನೆನಪಾಗುತ್ತಿತ್ತು. ಈಗ ಮೈಲಿಗೆಯವಳು ತಾನು. ಒಂದು ಸಂಜೆ ತಡೆಯಲಾರದೆ, ಮನೆಗೆ ಹೋಗುವ ಮೊದಲೇ ಶೀತಲ್ ಮನೆಯ ಬೇಲಿಯ ಬಳಿ ಹೋಗಿ ಮಗಳನ್ನು ಕರೆದಳು. ಇಂಚರಾ ಪೊಲೀಸಿನವರಂತೆ ಅಂಗೈ ಎತ್ತಿದಳು.

"ಸ್ಟಾಪ್, ಅಮ್ಮಾ. ಯು ಹ್ಯಾವ್ ಜರ್ಮ್ಸ್."

ಅಷ್ಟು ಹೇಳಿ ಓಡಿಹೋಗಿ ಶೀತಲ್ ನೈಟಿಯಲ್ಲಿ ಮುಖ ಹುದುಗಿಸಿದಳು. ಎಲ್ಲರೂ ನಕ್ಕರು. ಊರ್ಮಿಳಾಳೂ ನಕ್ಕಳು. ಆ ಪಾಠ ಕಲಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಮುಖ ಹುದುಗಿಸಲು ಆ ನೈಟಿಯನ್ನು ಮಾತ್ರ ತಾನು ತೋರಿಸಿಕೊಟ್ಟಿರಲಿಲ್ಲ.

ಅಂದಿನಿಂದ ಅವಳು ಗಮನಿಸತೊಡಗಿದಳು. ಮಗಳ ತಲೆಯಲ್ಲಿ ತಾನು ಹಚ್ಚದ ಎಣ್ಣೆಯ ವಾಸನೆ. ತನ್ನ ಕೈಗೆ ಎಂದೂ ಬಾರದಷ್ಟು ಬಿಗಿಯಾದ ಜಡೆ. ರಾತ್ರಿ ಮಲಗಿಸುವ ಮೊದಲು ಆ ಜಡೆಯನ್ನು ಬಿಚ್ಚಿ ತಾನೇ ಇನ್ನೊಮ್ಮೆ ಹೆಣೆಯುವಳು, ಅದು ಬೆಳಿಗ್ಗೆಯೊಳಗೆ ಸಡಿಲಾಗಿ ಹರಡಿರುವುದು. ಸ್ನಾನ ಮಾಡಿಸುತ್ತ, ಇವತ್ತು ಯಾರು ತುತ್ತು ತಿನ್ನಿಸಿದರು, ಯಾರು ಮಲಗಿಸಿದರು, ಶೀತಲ್ ಆಂಟಿಯಾ ಎಂದು ಒಂದೊಂದೇ ಕೇಳುವಳು. ಒಮ್ಮೆ ಇಂಚರಾ, ಶೀತಲ್ ತನ್ನನ್ನು ಗದರಿದಳೆಂದು ಹೇಳಿದಳು. ಆ ಮಾತನ್ನು ಊರ್ಮಿಳಾ ಕೆನ್ನೆಯೊಳಗಿನ ಪೆಪ್ಪರಮಿಂಟಿನಂತೆ ಇಡೀ ದಿನ ಇಟ್ಟುಕೊಂಡಿದ್ದಳು. ಮಗು ಮನೆಗಳ ಹಿಂದಿನ ಲಗೂನೆಂಬ ಹಿನ್ನೀರಿನ ಅಂಚಿಗೆ ಹೋದದ್ದಕ್ಕೆ ಗದರಿದ್ದೆಂದು ಸಂಜೆ ತಿಳಿದಾಗ, ಅದೂ ಕರಗಿಹೋಯಿತು.

ಎಲ್ಲಕ್ಕಿಂತ ನೋಯಿಸಿದ್ದು ಭಾಷೆ. ಇಂಚರಾಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಕತೆ, ಹಾಡು, ಲಂಚ ಎಲ್ಲ ಮಾಡಿಯೂ ಊರ್ಮಿಳಾ ಅವಳ ಬಾಯಿಂದ ಒಂದು ಇಡೀ ವಾಕ್ಯ ಹೊರಡಿಸಿರಲಿಲ್ಲ. ಶೀತಲ್ ಮನೆಯಲ್ಲಿ ಯಾರೂ ಏನೂ ಮಾಡದೆಯೇ ಅದು ಹೊರಟಿತ್ತು. "ಆಂಟಿ ಅನಬ್ಯಾಡ, ಅವ್ವ ಅನು" ಎಂದು ಬಂಗಾರೆವ್ವ ಹೇಳಿಕೊಟ್ಟಿದ್ದರು, ಶೀತಲ್ ಅಂದಿನಿಂದ 'ಶೀತಲ್ ಅವ್ವ' ಆಗಿದ್ದಳು. ಸುಧನ್ವನಿಗೆ ಇದರಿಂದ ಬಹಳ ಹೆಮ್ಮೆ. ಮೈಸೂರಿಗೆ ವಿಡಿಯೋ ಕರೆ ಮಾಡಿ ಮಗಳಿಂದ ಹುಬ್ಬಳ್ಳಿಯ ಮಾತು ಆಡಿಸುತ್ತಿದ್ದ. ಊರ್ಮಿಳಾ ಪಕ್ಕದಲ್ಲಿ ನಿಂತು, ನೋಡಿ ಎಷ್ಟು ಚೆನ್ನಾಗಿ ಕಲಿತಿದ್ದಾಳೆ, ಎಲ್ಲ ಶೀತಲ್ ಪುಣ್ಯ ಎನ್ನುತ್ತಿದ್ದಳು.

ಶೀತಲ್ ಒಮ್ಮೆ ಅವಳ ಕೊರಳಿನ ಬ್ಯಾಡ್ಜನ್ನು ನೋಡುತ್ತ, "ನಸೀಬ ನಿಮ್ದು ಅಕ್ಕಾ. ಮುಂಜಾನೆದ್ದು ಬೂಟು ಹಾಕ್ಕೊಂಡು ಹೊರಗ ಹೋಗ್ತೀರಿ. ನಾ ಆಫೀಸಿನ ಬೂಟು ಹಾಕ್ಕೊಂಡು ಎಷ್ಟು ದಿನಾ ಆತೋ" ಎಂದಿದ್ದಳು. ಊರ್ಮಿಳಾಗೆ ಅದು ಕುಹಕದಂತೆ ಕೇಳಿಸಿತ್ತು.

ಜುಲೈ ಕೊನೆಯ ಶನಿವಾರ ನಾಗರ ಪಂಚಮಿ. ಊರ್ಮಿಳಾಗೆ ಅದು ಹುತ್ತಕ್ಕೆ ತನಿ ಎರೆಯುವ ಹಬ್ಬ, ಈ ಊರಲ್ಲಿ ಹುತ್ತವಿಲ್ಲವಾದ್ದರಿಂದ ಮರೆತೇಹೋದ ಹಬ್ಬ. ಶೀತಲ್ ಕಡೆಯವರಿಗೆ ಅದು ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿಯಾಡುವ ದಿನ. ಜೋಕಾಲಿ ಕಟ್ಟುತ್ತೇವೆ, ಬೇಗ ಬನ್ನಿ ಎಂದು ಶೀತಲ್ ಎರಡು ಸಲ ಹೇಳಿದ್ದಳು. ಬೇಸಿಗೆಯಲ್ಲಿ ಸೋಂಕು ಮತ್ತೆ ಏರಿ ಲ್ಯಾಬಿನಲ್ಲಿ ಶನಿವಾರವೂ ಶಿಫ್ಟು ಇತ್ತು. ಅದರ ಮೇಲೆ ಒಂದು ಯಂತ್ರ ಕೈಕೊಟ್ಟಿತು. ಊರ್ಮಿಳಾ ಮನೆಯಿದ್ದ ಫಾಸ್ಟರ್ ಸಿಟಿಗೆ ಮರಳುವ ಹೊತ್ತಿಗೆ ಲಗೂನಿನ ಮೇಲೆ ಸಂಜೆಗಾಳಿ ಬೀಸುತ್ತಿತ್ತು.

ಶೀತಲ್ ಮನೆಯ ಹಿಂದಿನ ಡೆಕ್ಕೆಂಬ ಮರದ ಜಗಲಿಯ ತೊಲೆಗೆ ಹಗ್ಗ ಬಿಗಿದು, ಇಳಕಲ್ ಸೀರೆ ಮಡಚಿ ಹಾಸಿ ಜೋಕಾಲಿ ಕಟ್ಟಿದ್ದರು. ಶೀತಲ್ ತೂಗುತ್ತಿದ್ದಳು, ಅವಳ ತೊಡೆಯ ಮೇಲೆ ಇಂಚರಾ. ಬಂಗಾರೆವ್ವನ ಹಳೆಯ ಸೀರೆಯಿಂದ ಹೊಲಿದ ಹೊಸ ಫ್ರಾಕು. ಒಂದು ಕೈಯಲ್ಲಿ ಶೇಂಗಾ ಉಂಡಿ, ಕೆನ್ನೆಗೆಲ್ಲ ಬೆಲ್ಲ. ಕುರ್ಚಿಗೆ ಒರಗಿಸಿಟ್ಟ ಫೋನಿನಲ್ಲಿ ಹುಬ್ಬಳ್ಳಿಯ ಬಂಧುಗಳಿದ್ದರು, ಅಲ್ಲಿ ಆಗಲೇ ಮರುದಿನದ ಬೆಳಗು. ಒಂದು ಹೆಂಗಸಿನ ದನಿ, ಯಾರ ಮಗಳವ್ವಾ ಅದು ಎಂದು ಕೇಳಿತು.

"ಯಾರ ಮಗಳು ಅಂದ್ರ? ನಂದಽ ಮಗಳು" ಎಂದು ಶೀತಲ್ ನಗುತ್ತ ನೆಲಕ್ಕೆ ಕಾಲು ಒತ್ತಿ ಇನ್ನೊಮ್ಮೆ ಜೀಕಿದಳು.

ತಮಾಷೆಯೆಂದು ಊರ್ಮಿಳಾಗೂ ಗೊತ್ತಾಯಿತು. ಅವಳು ಬೇಲಿಯಾಚೆಯಿಂದ ಮಗಳನ್ನು ಕರೆದಳು. ಇಂಚರಾ ತಿರುಗಿ ನೋಡಿ, ಶೀತಲ್ ಕೊರಳಿಗೆ ಕೈ ಹಾಕಿ, "ನಾ ಒಲ್ಲೆ" ಎಂದಳು.

ಮಗಳು ಅವಳಿಗೆ ಕನ್ನಡದಲ್ಲಿ ಕೊಟ್ಟ ಮೊದಲ ಉತ್ತರ ಅದು.

ಆ ರಾತ್ರಿ, ಅಳುತ್ತ ಬಂದ ಮಗು ಮಲಗಿದ ಮೇಲೆ, ಊರ್ಮಿಳಾ ಅಡುಗೆಮನೆಯಲ್ಲಿ ನಿಂತು ಶೀತಲ್‌ಗೆ ಮೆಸೇಜು ಬರೆದಳು. ಲ್ಯಾಬಿನಲ್ಲಿ ತನ್ನ ಪಕ್ಕ ಕೆಲಸ ಮಾಡುವವರೊಬ್ಬರಿಗೆ ಪಾಸಿಟಿವ್ ಬಂದಿದೆ, ಈಗಷ್ಟೇ ತಿಳಿಯಿತು, ನಮ್ಮ ನಿಯಮದಂತೆ ಎರಡು ವಾರ ದೂರ ಇರೋಣ ಎಂದು. ಕೊನೆಯಲ್ಲಿ 'ಕ್ಷಮಿಸಿ' ಎಂದಿದ್ದನ್ನು ಅಳಿಸಿ 'ಬೇಜಾರು ಮಾಡ್ಕೋಬೇಡಿ' ಎಂದು ಹಾಕಿದಳು. ಕ್ಷಮೆ ಕೇಳಿದರೆ ತಪ್ಪು ಮಾಡಿದಂತೆ ಕಾಣುತ್ತದೆ ಎನ್ನಿಸಿತು. ಲ್ಯಾಬಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಶೀತಲ್ ಉತ್ತರ ಕೂಡಲೇ ಬಂತು. ನೀವು ಹುಷಾರು, ಕೂಸು ಹುಷಾರು, ಊಟ ನಾನು ಕಳಿಸುತ್ತೇನೆ. ಒಂದು ಪ್ರಶ್ನೆಯೂ ಇರಲಿಲ್ಲ.

ಸುಧನ್ವನಿಗೂ ಅದನ್ನೇ ಹೇಳಿದಳು, ತನ್ನದು ಅಲ್ಲೇ ಪರೀಕ್ಷೆ ಮಾಡಿದರು, ನೆಗೆಟಿವ್, ಆದರೂ ಬಂಗಾರೆವ್ವ ವಯಸ್ಸಾದವರಲ್ಲವೇ ಎಂದು ಸೇರಿಸಿದಳು. ಅವನು ಕೇಳಿದ್ದು ಒಂದೇ, ಹಾಗಾದರೆ ಹಗಲು ಮಗುವನ್ನು ಯಾರು ನೋಡಿಕೊಳ್ಳುವುದು. ತಾನು ರಜೆ ಹಾಕುತ್ತೇನೆಂದಳು. ಮಾದರಿಗಳ ರಾಶಿ ಬಿದ್ದಿರುವಾಗ ರಜೆ ಕೇಳಿದ್ದಕ್ಕೆ ಮೇಲಿನವರು ಹೆಚ್ಚೇನೂ ಅನ್ನಲಿಲ್ಲ. ಸಂಬಳವಿಲ್ಲದ ರಜೆ ಎಂದಷ್ಟೇ ನೆನಪಿಸಿ, ಆಗಸ್ಟಿನಲ್ಲಿ ಅವಳಿಗೆ ಬರಬೇಕಿದ್ದ ಹೆಚ್ಚುವರಿ ಶಿಫ್ಟುಗಳನ್ನು ಬೇರೆಯವರಿಗೆ ಕೊಟ್ಟರು.

ಮಗಳು ಪೂರ್ತಿ ತನ್ನವಳಾಗಿ ಸಿಕ್ಕ ದಿನಗಳು ಅವಳು ಎಣಿಸಿದಂತೆ ಇರಲಿಲ್ಲ. ಇಂಚರಾ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಸಾಲಿನ ಕೊನೆಯ ಮನೆಯನ್ನೇ ನೋಡುತ್ತಿದ್ದಳು. ಊರ್ಮಿಳಾ ಗ್ರೋಸರಿಯವರಿಂದ ಜೋಳದ ಹಿಟ್ಟು ತರಿಸಿ, ಫೋನಿನಲ್ಲಿ ನೋಡುತ್ತ ರೊಟ್ಟಿ ಬಡಿಯಲು ಕೂತಳು. ಎತ್ತುವಾಗೆಲ್ಲ ಹರಿಯಿತು. ಇಂಚರಾ ಬಂದು, ತಾಳ್ಮೆಯಿಂದ, ತಾಯಿಯ ಕೈಯ ಮೇಲೆ ತನ್ನ ಕೈ ಇಟ್ಟಳು.

"ಹಂಗಲ್ಲ. ಡೂ ಇಟ್ ಸಾಫ್ಟ್, ಅಮ್ಮಾ."

ಊರ್ಮಿಳಾ ಹಿಟ್ಟನ್ನೆಲ್ಲ ಮುದ್ದೆಮಾಡಿ ಕಸದ ಬುಟ್ಟಿಗೆ ಹಾಕಿದಳು. ಸುಧನ್ವನ ಫೋನು ಸದ್ದುಮಾಡಿದಾಗಲೆಲ್ಲ ಅದು ಅಜಯನದೋ ಎಂದು ಕಿವಿಗೊಡುತ್ತಿದ್ದಳು. ಇಬ್ಬರು ಗಂಡಸರು ಮಾತಿಗೆ ಕೂತರೆ ತನ್ನ ಎರಡು ಮಾತುಗಳಲ್ಲಿ ಎಲ್ಲಿ ಬಿರುಕಿದೆ ಎಂದು ಮನಸ್ಸಿನಲ್ಲೇ ತಡವಿ ನೋಡುತ್ತಿದ್ದಳು.

ಗುರುವಾರ ಮಧ್ಯಾಹ್ನ ಬಾಗಿಲ ಗಂಟೆ ಸದ್ದುಮಾಡಿತು. ತೆರೆದಾಗ ಮೆಟ್ಟಿಲ ಮೇಲೆ ಊಟದ ಚೀಲವಿತ್ತು. ಶೀತಲ್ ಆಗಲೇ ಹಿಂದೆ ಸರಿದು ಕಾಲುದಾರಿಯಲ್ಲಿ ಮಾಸ್ಕ್ ಹಾಕಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಮೇಲಿನ ಕಿಟಕಿಯಲ್ಲಿದ್ದ ಇಂಚರಾಗೆ ಕೈ ಬೀಸಿ, ಹೋಗದೆ ಅಲ್ಲೇ ನಿಂತಳು. ಏನಾಯಿತೆಂದು ಊರ್ಮಿಳಾ ಕೇಳಿದಳು.

"ಏನಿಲ್ರಿ. ನಿನ್ನೆ ನಂದು ಬೆರಳಚ್ಚಿನ ತಾರೀಖಿತ್ತು."

ಕಚೇರಿಗಳು ಆ ತಿಂಗಳಷ್ಟೇ ತೆರೆದಿದ್ದವು. ಕಾದು ಕಾದು ಬಂದ ಕಾಗದ. ಸೋಂಕಿನ ಸಂಪರ್ಕವಾದವರು ಎರಡು ವಾರ ಒಳಗೆ ಬರಬಾರದು ಎಂದು ಅದರಲ್ಲಿತ್ತು. ಸಂಪರ್ಕ ಊರ್ಮಿಳಾಳದು, ನಮ್ಮದಲ್ಲ, ಹೋಗಿ ಬಾ ಎಂದು ಅಜಯ ಹೇಳಿದನಂತೆ. ಶೀತಲ್‌ಗೆ ಮನಸ್ಸು ಬರಲಿಲ್ಲ. ಶನಿವಾರ ಇಡೀ ದಿನ ಕೂಸು ತನ್ನ ತೊಡೆಯ ಮೇಲೇ ಇತ್ತಲ್ಲ ಎಂದು ಯೋಚಿಸಿ, ಫೋನು ಮಾಡಿ, ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಳು. ಇನ್ನೊಂದು ತಾರೀಖು ಅಂಚೆಯಲ್ಲಿ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರಂತೆ. ಕ್ಲಿನಿಕ್ಕಿನವರು ಆಗಸ್ಟ್ ಕೊನೆಯವರೆಗೆ ಮಾತ್ರ ಅವಳ ಜಾಗ ಇಟ್ಟುಕೊಳ್ಳುತ್ತೇವೆ ಎಂದಿದ್ದರು.

"ನಂಗೆ ಯಾಕೆ ಹೇಳ್ಲಿಲ್ಲ ಶೀತಲ್?" ಊರ್ಮಿಳಾಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು.

"ಅತ್ತಿ ಹೇಳಬ್ಯಾಡ ಅಂದ್ರು. ವೀಸಾದ್ದು, ಕಾಗದದ್ದು ಆಗೂತನಕಾ ಬಾಯಿ ಬಿಡಬಾರ್ದು, ದೃಷ್ಟಿ ಆಗ್ತೈತಿ, ಆದ ಮ್ಯಾಲೆ ಪೇಡೆ ಹಂಚೂಣು ಅಂದ್ರು." ಶೀತಲ್ ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. "ಇರ್ಲಿ ಬಿಡ್ರಿ. ನೀವು ಹೇಳದ ಇದ್ದಿದ್ರ ನಾ ಹೋಗೇ ಬಿಡ್ತಿದ್ದೆ. ಅಲ್ಲೆ ಯಾರಿಗರ ಅಂಟಿಸಿ ಬಂದಿದ್ರ ನಿದ್ದಿ ಹತ್ತತಿತ್ತೇನ್ರಿ ನನಗ? ಮಂದಿ ಮುಚ್ಚಿಡ್ತಾರ. ನೀವು ಮುಚ್ಚಿಡ್ಲಿಲ್ಲ."

ಊರ್ಮಿಳಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನದು ನೆಗೆಟಿವ್ ಬಂದಿದೆ, ಇನ್ನೊಮ್ಮೆ ಫೋನು ಮಾಡಿ ಕೇಳಿ ನೋಡಿ ಎಂದಳು. ನಿನ್ನೆಯೇ ಕೇಳಿದ್ದೆ, ಬಿಟ್ಟ ತಾರೀಖು ಬಿಟ್ಟದ್ದೇ ಎಂದರು ಎಂದು ಶೀತಲ್ ಹೇಳಿದಳು. ಹೋಗುವಾಗ ತಿರುಗಿ, ಚೀಲದಲ್ಲಿ ಶೇಂಗಾ ಚಟ್ನಿ ಬೇರೆ ಡಬ್ಬಿಯಲ್ಲಿದೆ, ಕೂಸಿಗೆ ಖಾರ ಹಾಕಿಲ್ಲ ಎಂದಳು.

ಒಳಗೆ ಬಂದು ಕೂತ ಮೇಲೆ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಶೀತಲ್ ನಿನ್ನೆ ಬೆರಳಚ್ಚು ಕೊಟ್ಟಿದ್ದರೆ ಪರವಾನಗಿ ಬರುತ್ತಿತ್ತು. ಆಫೀಸಿನ ಬೂಟು ಹಾಕಿಕೊಂಡು ಅವಳು ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಇಂಚರಾ ಆ ತೊಡೆಯಿಂದ ತಾನಾಗಿಯೇ ಇಳಿಯುತ್ತಿದ್ದಳು. ಊರ್ಮಿಳಾ ಬಯಸಿದ್ದು ಅವಳ ಕೈಯಿಲ್ಲದೆ ನಡೆದುಹೋಗುವುದರಲ್ಲಿತ್ತು. ಈಗ ಅದೆಷ್ಟು ತಿಂಗಳು ಮಗಳು ಆ ಮನೆಯಲ್ಲೇ ಬೆಳೆಯಬೇಕು, ಅದನ್ನು ಕಟ್ಟಿಕೊಟ್ಟವಳು ಅವಳೇ.

ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬಂದದ್ದು ಹಳೆಯ ಹೊಟ್ಟೆಕಿಚ್ಚೇ, ಬೇರೆ ಬಟ್ಟೆ ಹಾಕಿಕೊಂಡು. ಯಾರಿಗೋ ಅಂಟಿಸುವ ಭಯಕ್ಕೆ ತಿಂಗಳುಗಟ್ಟಲೆ ಕಾದ ಆಸೆಯನ್ನು ಕೈಬಿಟ್ಟು, ಮಾರನೆಯ ದಿನ ಬೇರೆಯವರ ಮಗುವಿಗೆ ಖಾರವಿಲ್ಲದ ಚಟ್ನಿ ಮಾಡುವುದು. ಆ ಮನಸ್ಸು ಶೀತಲ್‌ಗೆ ಎಲ್ಲಿಂದ ಬಂತು? ತನಗೇಕೆ ಬರಲಿಲ್ಲ? ಡಬ್ಬಿ ತೆರೆದು ಚಟ್ನಿಯನ್ನು ಬೆರಳಲ್ಲಿ ತೆಗೆದು ನಾಲಗೆಗೆ ಹಚ್ಚಿಕೊಂಡಳು. ಅದು ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಎರಡು ವಾರ ಮುಗಿದ ಬೆಳಿಗ್ಗೆ ಇಂಚರಾ ಬೂಟಿನ ಪಟ್ಟಿ ಹಾಕಿಸಿಕೊಳ್ಳುವಷ್ಟೂ ನಿಲ್ಲದೆ ಕಾಲುದಾರಿಯಲ್ಲಿ ಓಡಿದಳು. ಊರ್ಮಿಳಾ ಲ್ಯಾಬಿಗೆ ಹೊರಟ ಉಡುಪಿನಲ್ಲಿ ಹಿಂದೆ ನಡೆದಳು. ಶೀತಲ್ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಅವಳಿಗೆ ಹಿಂದಿನ ಸಂಜೆ ಕ್ಲಿನಿಕ್ಕಿನಿಂದ ಕರೆ ಬಂದಿತ್ತಂತೆ. ತಿಂಗಳ ಕೊನೆಯವರೆಗೆ ಕಾಯಲಾಗಲಿಲ್ಲ, ಬೇರೆಯವರನ್ನು ತೆಗೆದುಕೊಂಡೆವು ಎಂದರಂತೆ. ಇದನ್ನು ಅವಳು ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿ, ಮಗುವಿನ ಕೆದರಿದ ಜಡೆಯನ್ನು ಬಿಚ್ಚತೊಡಗಿದಳು.

ಒಳಗಿಂದ ಬಂಗಾರೆವ್ವ ಕರೆದರು. ನಡುಮನೆಯ ಮೂಲೆಯಲ್ಲಿ ಸಿದ್ಧಾರೂಢರ ಪಟದ ಮುಂದೆ ಎರಡು ಹಣತೆ ಉರಿಯುತ್ತಿದ್ದವು.

"ಬಾ ಯವ್ವಾ. ಏನ್ ಹೆಸರು ಆಕಿದು, ನಿಮ್ಮ ಲ್ಯಾಬಿನಾಕಿದು? ಹೆಸರು ತಿಳೀಲಾರದ, ಊರ್ಮಿಳಾನ ಬಾಜೂದಾಕಿ ಅಂತ ಅಂದು ದಿನಾ ದೀಪಾ ಹಚ್ಚೀನಿ."

ಇದನ್ನು ಊರ್ಮಿಳಾ ನಿರೀಕ್ಷಿಸಿರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿದಳು. "ಲಿಂಡಾ."

"ಗುಣಾದ್ಲಾ?"

"ಆದ್ರು. ಕೆಲಸಕ್ಕೂ ಬರ್ತಿದ್ದಾರೆ."

"ಮಕ್ಕಳದಾವೇನು ಪಾಪ?"

"ಇಬ್ರು ಇದ್ದಾರೆ" ಎಂದಳು ಊರ್ಮಿಳಾ. ಹೇಳಿದ ಮೇಲೆ ಲಿಂಡಾಳೂ ಅವಳ ಇಬ್ಬರು ಮಕ್ಕಳೂ ಆ ನಡುಮನೆಯಲ್ಲಿ ಎಲ್ಲೋ ಬಂದು ಕೂತಂತಾಯಿತು.

ಬಂಗಾರೆವ್ವ ಪಟಕ್ಕೆ ಕೈಮುಗಿದು, ತಾಯಿ ಮಕ್ಕಳನ್ನು ಉಳಿಸಿಕೊಟ್ಟೆಯಪ್ಪಾ ಎಂದರು. ಎಣ್ಣೆಯ ಬಾಟಲಿಯನ್ನು ಊರ್ಮಿಳಾಳ ಕಡೆ ಚಾಚಿದರು. "ತಗೋ, ನಿನ್ನ ಕೈಲೆ ಹಾಕು. ಇವತ್ತಿನಿಂದ ಈ ದೀಪಾ ನಮ್ಮ ಶೀತಲ್ ಕಾಗದಕ್ಕ. ಯಾರ ಕಣ್ಣು ಬಿತ್ತೋ ಆಕಿ ಮ್ಯಾಲೆ."

ಡೆಕ್ಕಿನ ಬಾಗಿಲಲ್ಲಿ ಶೀತಲ್ ಮಗುವಿನ ಜಡೆ ಹೆಣೆಯುತ್ತ ಏನೋ ಹೇಳಿದಳು, ಇಂಚರಾ ಗಹಗಹಿಸಿದಳು. ಆ ನಗು ತಮ್ಮ ಮನೆಯಲ್ಲಿ ಎರಡು ವಾರದಿಂದ ಕೇಳಿಸಿರಲಿಲ್ಲ. ಊರ್ಮಿಳಾಳ ನಾಲಗೆಯ ತುದಿಗೆ ಮಾತು ಬಂತು. ಹೇಳಿದರೆ ಶೀತಲ್‌ಗೆ ಕ್ಲಿನಿಕ್ಕಿನ ಜಾಗ ಮರಳಿ ಸಿಗುವುದಿಲ್ಲ. ಈ ಮನೆಯ ಬಾಗಿಲು ಮುಚ್ಚುತ್ತದೆ, ಮಗುವನ್ನು ನೋಡಿಕೊಳ್ಳುವವರಿಲ್ಲದೆ ತನ್ನ ಕೆಲಸ ಹೋಗುತ್ತದೆ, ಮಗಳು ಮತ್ತೆ ಕಿಟಕಿಯ ಹತ್ತಿರ ಸ್ಟೂಲು ಎಳೆಯುತ್ತಾಳೆ. ಇವೆಲ್ಲ ಕಾರಣಗಳು, ಸರಿಯಾದವೇ. ಅವುಗಳ ಕೆಳಗೆ ಇನ್ನೊಂದಿತ್ತು. ಹೇಳಿದರೆ ಶೀತಲ್ ಅಳುತ್ತಾಳೆ, ಬೈಯುತ್ತಾಳೆ, ಆಮೇಲೆ ಒಂದು ದಿನ ಕ್ಷಮಿಸಿಯೂ ಬಿಡುತ್ತಾಳೆ. ಅದೊಂದನ್ನು ಅವಳ ಕೈಯಿಂದ ಪಡೆಯುವುದು ಊರ್ಮಿಳಾಗೆ ಸಾಧ್ಯವಿರಲಿಲ್ಲ.

ಅವಳು ಬಾಟಲಿ ತೆಗೆದುಕೊಂಡು, ಹೊರಗೆ ಚೆಲ್ಲದಂತೆ, ಹಣತೆಯ ಅಂಚಿನವರೆಗೆ ಎಣ್ಣೆ ಹಾಕಿದಳು. ಬಂಗಾರೆವ್ವನ ಕಾಲಿಗೆ ನಮಸ್ಕರಿಸಲು ಬಗ್ಗಿ, ಲ್ಯಾಬಿನ ಬಟ್ಟೆಯಲ್ಲಿದ್ದೇನೆಂದು ದೂರದಿಂದಲೇ ಕೈಮುಗಿದಳು. ಕಾರಿನಲ್ಲಿ ಕೂತಾಗ ಸುಧನ್ವನ ಮೆಸೇಜು ಬಂದಿತ್ತು, ಅಲ್ಲಿ ಎಲ್ಲ ಸರಿಹೋಯಿತಾ ಎಂದು. ಇವನಿಗೂ ಹೇಳುವುದಿಲ್ಲ, ಮೈಸೂರಿನ ಅಮ್ಮನಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಸರಿಹೋಯಿತು ಎಂದು ಬರೆದು ಕಳಿಸಿ, ಗಾಡಿಯನ್ನು ಹಿಂದಕ್ಕೆ ತೆಗೆದಳು.